“ಕಂಪನಿಗೆ ಫೋನ್ ಮಾಡಿ” ಅಂದರೆ ಅಂಗಡಿಯವರ ಜವಾಬ್ದಾರಿ ಮುಗಿಯಿತಾ?

ಹೊಸ ವಾಷಿಂಗ್ ಮಷೀನ್ ಮನೆಗೆ ಬಂದು 19 ದಿನ ಆಗಿತ್ತು. ನೀರು ತುಂಬಿಕೊಂಡಿತು, ಎರಡು ಸುತ್ತು ತಿರುಗಿತು, ನಿಂತುಬಿಟ್ಟಿತು. ಬಾಗಿಲು ತೆಗೆಯಲು ಹೋದರೆ ಅದೂ ಬರಲಿಲ್ಲ. ಗಾಜಿನ ಆಚೆ ನೆನೆದ ಬಟ್ಟೆ, ಈಚೆ ನಾನು. ಅಂಗಡಿಗೆ ಫೋನ್ ಮಾಡಿದೆ. ಕೊಳ್ಳುವ ದಿನ “ಏನೇ ಆದ್ರೂ ನಾವಿದ್ದೀವಿ ಸಾರ್” ಎಂದಿದ್ದ ಅದೇ ದನಿ ಈಗ, “ಅದು ನಮಗೆ ಬರಲ್ಲ, ಕಂಪನಿಗೆ ಫೋನ್ ಮಾಡಿ” ಎಂದಿತು.

ಈ ಮಾತನ್ನು ನೀವೂ ಕೇಳಿರುತ್ತೀರಿ. ಇದು ಪೂರ್ತಿ ಸುಳ್ಳಲ್ಲ, ಅದೇ ತೊಂದರೆ. ವಾರಂಟಿ ಕಾರ್ಡ್ ಕೊಟ್ಟದ್ದು ಕಂಪನಿ, ರಿಪೇರಿಗೆ ಬರುವುದು ಕಂಪನಿಯ ಹುಡುಗ, ಬಿಡಿಭಾಗ ಇರುವುದೂ ಅವರ ಹತ್ತಿರವೇ. ಹಾಗಾಗಿ ಅಂಗಡಿಯವರು ಹೇಳಿದ್ದು ಸರಿ ಅಂತಲೇ ಅನಿಸುತ್ತದೆ. ಆದರೆ ಬಿಲ್ ತೆಗೆದು ನೋಡಿ. ಮೇಲೆ ಯಾರ ಹೆಸರಿದೆ? ದುಡ್ಡು ಹೋದದ್ದು ಯಾರ ಖಾತೆಗೆ? ನೀವು ವ್ಯಾಪಾರ ಮಾಡಿದ್ದು ಅಂಗಡಿಯ ಜೊತೆ. ಒಳ್ಳೆಯ ವಸ್ತು ಕೊಡುತ್ತೇನೆ ಎಂದು ದುಡ್ಡು ತೆಗೆದುಕೊಂಡವರು ಅವರು. ಕೆಟ್ಟ ವಸ್ತು ಕೊಟ್ಟರೆ ಮೊದಲು ಉತ್ತರ ಹೇಳಬೇಕಾದವರೂ ಅವರೇ.

ಅಂದರೆ ನಿಮ್ಮ ಕೈಯಲ್ಲಿ ಎರಡು ಹಗ್ಗಗಳಿವೆ. ಒಂದು ಅಂಗಡಿಗೆ ಕಟ್ಟಿದ್ದು, ಅದನ್ನು ಕಟ್ಟಿರುವುದು ಕಾನೂನು. ಇನ್ನೊಂದು ಕಂಪನಿಗೆ ಕಟ್ಟಿದ್ದು, ಅದನ್ನು ಕಂಪನಿಯೇ ವಾರಂಟಿ ಎಂಬ ಹೆಸರಲ್ಲಿ ಕಟ್ಟಿಕೊಟ್ಟಿದೆ. ವಾರಂಟಿ ಇದೆ ಅಂದ ಮಾತ್ರಕ್ಕೆ ಮೊದಲ ಹಗ್ಗ ಬಿಚ್ಚಿಹೋಗುವುದಿಲ್ಲ.

ಈ ಎರಡು ಹಗ್ಗಗಳು ಬೇರೆಬೇರೆ ಎಂದು ತೋರಿಸುವ ಹಳೆಯ ಕೇಸ್ ಒಂದಿದೆ, ಕಾನೂನು ಓದಿದ ಯಾರನ್ನು ಕೇಳಿದರೂ ಹೇಳುತ್ತಾರೆ. 1928ರಲ್ಲಿ ಸ್ಕಾಟ್ಲೆಂಡಿನ ಪೇಸ್ಲಿ ಎಂಬ ಊರಿನ ಕೆಫೆಯೊಂದಕ್ಕೆ ಮೇ ಡೊನಾಹ್ಯೂ ಎಂಬಾಕೆ ಗೆಳತಿಯ ಜೊತೆ ಹೋದರು. ಜಿಂಜರ್ ಬಿಯರ್ ಬಾಟಲಿಯಿಂದ ಕೊಳೆತ ಬಸವನಹುಳು ಬಿತ್ತು ಎಂಬುದು ಅವರ ದೂರು. ಕುಡಿದು ಕಾಯಿಲೆಯೂ ಬಿದ್ದರು. ಆದರೆ ಅಂಗಡಿಯವನ ಮೇಲೆ ಕೇಸ್ ಹಾಕುವ ಹಾಗಿರಲಿಲ್ಲ. ಯಾಕೆಂದರೆ ದುಡ್ಡು ಕೊಟ್ಟದ್ದು ಗೆಳತಿ! ಕೊಂಡವರು ಯಾರೋ ಅವರಿಗೆ ಮಾತ್ರ ಅಂಗಡಿಯ ಮೇಲೆ ಹಕ್ಕು. ಹಾಗಾಗಿ ಆಕೆ ತಯಾರಿಸಿದವನನ್ನೇ ಹಿಡಿದರು. 1932ರಲ್ಲಿ ಆಕೆಯ ಪರವಾಗಿ ತೀರ್ಪು ಬಂತು: ಕೊಂಡವರಲ್ಲದಿದ್ದರೂ ಬಳಸುವವರ ಬಗ್ಗೆ ತಯಾರಕನಿಗೆ ಎಚ್ಚರ ಇರಬೇಕು. ಕಂಪನಿಗೆ ಕಟ್ಟಿದ ಹಗ್ಗಕ್ಕೆ ಗಟ್ಟಿಯಾದ ಎಳೆ ಸೇರಿದ್ದು ಹೀಗೆ. ಅಂಗಡಿಗೆ ಕಟ್ಟಿದ ಹಗ್ಗ ಅದಕ್ಕಿಂತಲೂ ಹಳೆಯದು. ಈಗ ಎಲ್ಲರೂ ಕಂಪನಿಯ ಹಗ್ಗವನ್ನೇ ನೆನಪಿಟ್ಟುಕೊಂಡು ಅಂಗಡಿಯದನ್ನು ಮರೆತಿದ್ದೇವೆ, ವಿಚಿತ್ರ ಅಲ್ವಾ?

ಇನ್ನು ದೋಷ ಅಂದರೆ ಏನು ಎಂಬ ಪ್ರಶ್ನೆ. ಮನಸ್ಸು ಬದಲಾದರೆ ಅದು ದೋಷವಲ್ಲ. ಬಣ್ಣ ಅಡುಗೆಮನೆಗೆ ಒಪ್ಪಲಿಲ್ಲ, ಪಕ್ಕದ ಮನೆಯವರು ಕಡಿಮೆಗೆ ತಂದರು, ಇವಕ್ಕೆಲ್ಲ ಅಂಗಡಿಯವರು ವಾಪಸ್ ತೆಗೆದುಕೊಂಡರೆ ಅದು ಅವರ ದೊಡ್ಡತನ. ಆನ್‌ಲೈನ್‌ನಲ್ಲಿ ಕೊಂಡರೆ ಮಾತ್ರ ಕೆಲವು ಕಡೆ ಕಾನೂನೇ ಇದಕ್ಕೂ ಅವಕಾಶ ಕೊಟ್ಟಿದೆ. ಯುರೋಪಿಯನ್ ಒಕ್ಕೂಟದಲ್ಲಿ ವಸ್ತು ಕೈಗೆ ಬಂದ 14 ದಿನದೊಳಗೆ ಕಾರಣ ಹೇಳದೆಯೇ ಬೇಡ ಎನ್ನಬಹುದು. ಕಣ್ಣಾರೆ ನೋಡದೆ ಕೊಂಡದ್ದಲ್ವಾ, ಅದಕ್ಕೆ.

ದೋಷವೋ ಅಲ್ಲವೋ ಎಂದು ನೋಡಲು ಹೆಚ್ಚಿನ ದೇಶಗಳ ಕಾನೂನು ಸುತ್ತಿ ಬಳಸಿ ಮೂರೇ ಪ್ರಶ್ನೆ ಕೇಳುತ್ತದೆ. ಹೇಳಿದ ಹಾಗಿದೆಯಾ? ಯಾವ ಕೆಲಸಕ್ಕೆ ಕೊಂಡರೋ ಆ ಕೆಲಸ ಮಾಡುತ್ತದಾ? ಆ ಬೆಲೆಯ ವಸ್ತು ಎಷ್ಟು ಚೆನ್ನಾಗಿರಬೇಕೋ, ಎಷ್ಟು ಕಾಲ ಬಾಳಬೇಕೋ ಅಷ್ಟಿದೆಯಾ? 7 ಕಿಲೋ ಎಂದು ಬರೆದ ಮಷೀನು 5 ಕಿಲೋಗೇ ನಿಂತರೆ ಮೊದಲ ಪ್ರಶ್ನೆಯಲ್ಲೇ ಫೇಲು. ಎರಡನೆಯದರಲ್ಲಿ ಒಂದು ಸೂಕ್ಷ್ಮ ಇದೆ. “ನಮ್ಮನೇಲಿ ಬೋರ್‌ವೆಲ್ ನೀರು, ಗಡಸು ಜಾಸ್ತಿ, ಇದು ನಡೆಯುತ್ತಾ?” ಎಂದು ನೀವು ಕೇಳಿ, ಅವರು ಧಾರಾಳವಾಗಿ ನಡೆಯುತ್ತೆ ಎಂದು ಮಾರಿದ್ದರೆ, ಆ ಮಾತೂ ವ್ಯಾಪಾರದ ಭಾಗ. ಭಾರತದ 1930ರ ಸರಕು ಮಾರಾಟ ಕಾಯ್ದೆಯಲ್ಲೇ ಇದು ಇದೆ. ಮಾರುವವನ ತಿಳಿವಳಿಕೆಯನ್ನು ನಂಬಿ ಕೊಂಡಿದ್ದೇನೆ ಎಂದು ತೋರಿಸಿದರೆ ಆಯಿತು. ಅದಕ್ಕೇ ಇಂಥ ಪ್ರಶ್ನೆಗಳನ್ನು ವಾಟ್ಸ್ಆ್ಯಪ್‌ನಲ್ಲಿ ಕೇಳುವುದು ಒಳ್ಳೆಯದು. ಅಂಗಡಿಯಲ್ಲಿ ಆಡಿದ ಮಾತು ಅಲ್ಲೇ ಕರಗಿ ಹೋಗುತ್ತದೆ.

ದೋಷ ಅಲ್ಲದೆಯೂ ದೋಷದ ಹಾಗೆ ಕಾಣುವವು ಕೆಲವಿವೆ. ನನಗೆ ಗೊತ್ತಿರುವ ಒಬ್ಬರ ಹೊಸ ವಾಷಿಂಗ್ ಮಷೀನ್ ಮೊದಲ ದಿನವೇ ಬಚ್ಚಲುಮನೆಯಿಂದ ನಡೆದುಕೊಂಡು ಹೊರಗೆ ಬಂದಿತ್ತು. ಮುಂದೆ ಬಾಗಿಲಿರುವ ಮಷೀನುಗಳ ಡ್ರಮ್ಮನ್ನು ಲಾರಿಯಲ್ಲಿ ತರುವಾಗ ಅಲುಗಾಡದಂತೆ ಹಿಂದುಗಡೆ ಉದ್ದನೆಯ ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಅವನ್ನು ಬಿಚ್ಚದೆ ಓಡಿಸಿದರೆ ಮಷೀನು ಕುಣಿಯುತ್ತದೆ. ಆದರೆ ಇಲ್ಲೂ ಒಂದು ತಿರುವಿದೆ. ಬೋಲ್ಟ್ ಬಿಚ್ಚಬೇಕಾದವರು ಅಂಗಡಿ ಕಳಿಸಿದ ಜನವೇ ಆಗಿದ್ದರೆ ತಪ್ಪು ನಿಮ್ಮದಲ್ಲ. ಯುರೋಪಿನ ಕಾನೂನಿನಲ್ಲಿ, ಜೋಡಿಸಿಕೊಡುವುದೂ ಮಾರಾಟದೊಳಗೇ ಸೇರಿದ್ದರೆ, ತಪ್ಪಾಗಿ ಜೋಡಿಸುವುದೂ ವಸ್ತುವಿನ ದೋಷದ ಲೆಕ್ಕಕ್ಕೇ ಬರುತ್ತದೆ.

ಈಗ ಜಗಳ ಜಾಸ್ತಿ ನಡೆಯುವ ಜಾಗಕ್ಕೆ ಬರೋಣ. “ಇದು ಮೊದಲೇ ಇತ್ತು” ಎಂದು ನೀವು, “ನೀವು ಕೆಡಿಸಿದ್ದು” ಎಂದು ಅವರು. ಯಾರು ತೋರಿಸಿಕೊಡಬೇಕು?

ಯಂತ್ರಗಳು ಕೆಡುವ ಲೆಕ್ಕಕ್ಕೆ ಎಂಜಿನಿಯರುಗಳು ಒಂದು ಗೆರೆ ಎಳೆಯುತ್ತಾರೆ. ನೋಡಲು ಸ್ನಾನದ ತೊಟ್ಟಿಯನ್ನು ಪಕ್ಕದಿಂದ ಕಂಡ ಹಾಗಿರುತ್ತದೆ. ಶುರುವಿನಲ್ಲಿ ಎತ್ತರ, ಆಮೇಲೆ ಇಳಿದು ಬಹಳ ಕಾಲ ಮಟ್ಟಸ, ಕೊನೆಗೆ ಮತ್ತೆ ಏರು. ಕೊನೆಯ ಏರು ಸವೆತದ್ದು. ಮೊದಲಿನ ಎತ್ತರ ಹುಟ್ಟಿನಿಂದಲೇ ಬಂದ ದೋಷಗಳದ್ದು: ಸರಿಯಾಗಿ ಕೂರದ ಬೆಸುಗೆ, ಸಡಿಲ ಕನೆಕ್ಟರ್, ಸೂಜಿಮೊನೆಯಷ್ಟು ತೂತಿದ್ದು ಗ್ಯಾಸ್ ಸೋರುವ ಪೈಪು. ಅಂದರೆ ಮೊದಲ ಕೆಲವು ತಿಂಗಳಲ್ಲೇ ಕೆಟ್ಟ ಯಂತ್ರ ಬಹುಮಟ್ಟಿಗೆ ಕಾರ್ಖಾನೆಯಿಂದಲೇ ರೋಗ ಹೊತ್ತು ಬಂದಿರುತ್ತದೆ. ಕೆಲವು ದೇಶಗಳ ಕಾನೂನು ಈ ನಂಬಿಕೆಯನ್ನೇ ನಿಯಮ ಮಾಡಿದೆ. ಯುರೋಪಿಯನ್ ಒಕ್ಕೂಟದಲ್ಲಿ ಮೊದಲ 1 ವರ್ಷದೊಳಗೆ ದೋಷ ಕಂಡರೆ ಅದು ಕೊಟ್ಟ ದಿನವೇ ಇತ್ತು ಎಂದು ಎಣಿಸುತ್ತಾರೆ. ಅಲ್ಲ ಎನ್ನುವುದಾದರೆ ತೋರಿಸಿಕೊಡಬೇಕಾದವರು ಅಂಗಡಿಯವರು. ಬ್ರಿಟನ್ನಿನ 2015ರ ಗ್ರಾಹಕ ಹಕ್ಕು ಕಾಯ್ದೆಯಲ್ಲಿ ರಿಪೇರಿ ಅಥವಾ ಬದಲಿ ಕೇಳಿದಾಗ ಈ ಅನುಕೂಲ ಮೊದಲ 6 ತಿಂಗಳು. ಅದೇ ಕಾಯ್ದೆ ಮೊದಲ 30 ದಿನದೊಳಗೆ ನೇರವಾಗಿ “ಬೇಡ, ದುಡ್ಡು ವಾಪಸ್ ಕೊಡಿ” ಎನ್ನುವ ಹಕ್ಕನ್ನೂ ಕೊಡುತ್ತದೆ. ಆದರೆ ಆಗ ದೋಷ ಇದೆ ಎಂದು ತೋರಿಸುವ ಹೊಣೆ ಕೊಂಡವರದೇ. ದೊಡ್ಡದು ಕೇಳಿದಾಗ ಸಾಕ್ಷಿ ನೀವೇ ತನ್ನಿ, ಚಿಕ್ಕದು ಕೇಳಿದಾಗ ನಿಮ್ಮ ಮಾತು ನಂಬುತ್ತೇವೆ, ಹೀಗಿದೆ ಅದರ ಲೆಕ್ಕ.

ಭಾರತದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಇಂಥ ಲೆಕ್ಕವಿಲ್ಲ. ತಯಾರಿಕೆಯ ದೋಷ ಎಂದರೆ ಅದನ್ನು ತೋರಿಸಿ ಎಂದೇ ಗ್ರಾಹಕರ ದೂರು ವಿಚಾರಿಸುವ ಗ್ರಾಹಕ ಆಯೋಗಗಳು ಸಾಮಾನ್ಯವಾಗಿ ಕೇಳುತ್ತವೆ. ಕಣ್ಣಿಗೆ ಕಾಣದ ದೋಷವಾದರೆ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರ ಜಿಲ್ಲಾ ಆಯೋಗಕ್ಕಿದೆ. ಆದರೆ ಬೇರೆ ಕಡೆಯಿಂದ ಈ ಕಾಯ್ದೆ ಚೆನ್ನಾಗಿ ಹಿಡಿಯುತ್ತದೆ. ದೋಷ ಇರುವ ವಸ್ತುವನ್ನು ಬಿಲ್‌ನಲ್ಲಿ ಹೇಳಿದ ಅವಧಿಯೊಳಗೆ, ಏನೂ ಬರೆದಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ತೆಗೆದುಕೊಂಡು ದುಡ್ಡು ಕೊಡಲು ಒಪ್ಪದಿರುವುದನ್ನೇ ಅದು ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ. ಬಿಲ್ ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. ಆನ್‌ಲೈನ್ ಮಾರಾಟಗಾರರಿಗೆ 2020ರ ಇ-ಕಾಮರ್ಸ್ ನಿಯಮಗಳು ಇದನ್ನೇ ಇನ್ನೊಂದು ಸಲ ಹೇಳಿವೆ. ನನ್ನ 19ನೇ ದಿನ ನೆನಪಿದೆಯಲ್ಲ? ಅಂಗಡಿಯವರು “ನಮಗೆ ಬರಲ್ಲ” ಎಂದಾಗ ಈ 30 ದಿನದ ಮಾತು ನನಗೆ ಗೊತ್ತೇ ಇರಲಿಲ್ಲ. ಸುಮ್ನೆ ಕಂಪನಿಗೆ ಫೋನ್ ಮಾಡಿದೆ.

ಗೋಡೆಯ ಮೇಲಿನ “ಮಾರಿದ ಸರಕನ್ನು ವಾಪಸ್ ಪಡೆಯುವುದಿಲ್ಲ” ಎಂಬ ಬೋರ್ಡು ಮನಸ್ಸು ಬದಲಾಯಿಸಿದವರಿಗೆ ಸರಿ. ದೋಷ ಇದ್ದಾಗ ಅದು ಬರೀ ಬಣ್ಣ ಬಳಿದ ಹಲಗೆ. ಆಸ್ಟ್ರೇಲಿಯಾದಲ್ಲಂತೂ ದುಡ್ಡು ವಾಪಸ್ ಇಲ್ಲವೇ ಇಲ್ಲ ಎಂದು ಬೋರ್ಡು ಹಾಕುವುದೇ ಕಾನೂನಿಗೆ ವಿರುದ್ಧ. ಪೆಟ್ಟಿಗೆ, ಥರ್ಮಾಕೋಲ್ ಇಲ್ಲ ಎಂಬ ನೆಪವೂ ಅಲ್ಲಿ ನಡೆಯುವುದಿಲ್ಲ. ಬಿಲ್ ಕಳೆದುಹೋಗಿದ್ದರೆ ಕಾರ್ಡಿನ ಸ್ಟೇಟ್‌ಮೆಂಟ್ ತೋರಿಸಿದರೂ ಆಗುತ್ತದೆ. ಎಲ್ಲ ಕಡೆ ಅಷ್ಟು ಸಲೀಸಿಲ್ಲ. ಅಂಗಡಿಯ ಬಿಲ್‌ಗಳ ಅಕ್ಷರ ಬೇರೆ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ. ಕೊಂಡ ದಿನವೇ ಒಂದು ಫೋಟೋ ತೆಗೆದಿಡಿ.

ಸರಿ, ದೋಷ ಇದೆ ಎಂದು ಒಪ್ಪಿದರು. ರಿಪೇರಿನಾ, ಬದಲಿನಾ, ದುಡ್ಡಾ? ಆರಿಸುವವರು ಯಾರು?

ಇದಕ್ಕೆ ಒಂದೊಂದು ದೇಶ ಒಂದೊಂದು ದಾರಿ ಹಿಡಿದಿದೆ. ನನಗೆ ಹಿಡಿಸಿದ್ದು ಆಸ್ಟ್ರೇಲಿಯಾದ್ದು. ಅಲ್ಲಿ ದೋಷವನ್ನು ದೊಡ್ಡದು, ಚಿಕ್ಕದು ಎಂದು ವಿಂಗಡಿಸುತ್ತಾರೆ. ಹೀಗಾಗುತ್ತದೆ ಎಂದು ಮೊದಲೇ ಗೊತ್ತಿದ್ದರೆ ಯಾರೂ ಕೊಳ್ಳುತ್ತಿರಲಿಲ್ಲ ಎನ್ನುವಂಥದ್ದು, ಅಥವಾ ಅಪಾಯ ತರುವಂಥದ್ದು ದೊಡ್ಡ ದೋಷ. ಆಗ ಆಯ್ಕೆ ಕೊಂಡವರದು. ಚಿಕ್ಕದಾದರೆ ಅಂಗಡಿಯವರು ರಿಪೇರಿ ಮಾಡಿಕೊಡಬಹುದು. ಯುರೋಪಿನಲ್ಲಿ ಮೆಟ್ಟಿಲು ಹತ್ತಬೇಕು: ಮೊದಲು ರಿಪೇರಿ ಅಥವಾ ಬದಲಿ, ಅದು ಆಗದಿದ್ದರೆ ಬೆಲೆ ಇಳಿಕೆ ಇಲ್ಲವೇ ದುಡ್ಡು ವಾಪಸ್. ಬ್ರಿಟನ್ನಿನಲ್ಲೂ ಮೆಟ್ಟಿಲಿದೆ, ಆದರೆ ಒಂದು ಮಾತು ಖಡಾಖಂಡಿತ. ರಿಪೇರಿಗೆ ಅವಕಾಶ ಒಂದೇ ಸಲ. ಆಮೇಲೂ ಕೆಟ್ಟರೆ ಬೇಡ ಎನ್ನಬಹುದು. ಭಾರತದಲ್ಲಿ ಆಯೋಗವು ದೋಷ ಸರಿಪಡಿಸಿ, ಹೊಸದು ಕೊಡಿ, ಬಡ್ಡಿ ಸೇರಿಸಿ ದುಡ್ಡು ಕೊಡಿ, ಪರಿಹಾರ ಕೊಡಿ, ಹೀಗೆ ಯಾವ ಆದೇಶವನ್ನಾದರೂ ಮಾಡಬಹುದು. ಎಷ್ಟು ಸಲ ರಿಪೇರಿ ಆದಮೇಲೆ ಸಾಕು ಎಂಬ ಲೆಕ್ಕ ಕಾಯ್ದೆಯಲ್ಲಿಲ್ಲ. ಅದಕ್ಕೇ ನಮ್ಮಲ್ಲಿ ಹುಡುಗ ಬರುತ್ತಾನೆ, ಹೋಗುತ್ತಾನೆ, ಮತ್ತೆ ಬರುತ್ತಾನೆ.

“ಇಷ್ಟು ದಿನ ಬಳಸಿದ್ದೀರಲ್ಲ, ಅದನ್ನು ಕಳೆದು ಕೊಡುತ್ತೇವೆ” ಎಂಬ ಮಾತೂ ಬರುತ್ತದೆ. ಜರ್ಮನಿಯ ಒಬ್ಬ ಮಹಿಳೆ 2002ರಲ್ಲಿ ಅಂಚೆ ಮಾರಾಟದ ಕಂಪನಿಯಿಂದ ಒಲೆ ತರಿಸಿದ್ದರು. ಸುಮಾರು ಒಂದೂವರೆ ವರ್ಷದ ಮೇಲೆ ದೋಷ ಕಂಡಿತು, ರಿಪೇರಿ ಸಾಧ್ಯವಿರಲಿಲ್ಲ. ಕಂಪನಿ ಹೊಸ ಒಲೆ ಕೊಟ್ಟಿತು, ಆದರೆ ಇಷ್ಟು ದಿನ ಬಳಸಿದ್ದಕ್ಕೆ ಬಾಡಿಗೆಯ ಹಾಗೆ ದುಡ್ಡು ಕೇಳಿತು. ಕೇಸು ಯುರೋಪಿನ ನ್ಯಾಯಾಲಯದವರೆಗೆ ಹೋಯಿತು. 2008ರಲ್ಲಿ ನ್ಯಾಯಾಲಯ ಹೇಳಿತು: ಕೆಟ್ಟದ್ದಕ್ಕೆ ಬದಲಿ ಕೊಡುವಾಗ ಕೊಂಡವರಿಂದ ಏನನ್ನೂ ಕೇಳುವಂತಿಲ್ಲ. 2011ರಲ್ಲಿ ಅದೇ ನ್ಯಾಯಾಲಯಕ್ಕೆ ಪಾತ್ರೆ ತೊಳೆಯುವ ಯಂತ್ರದ ಕೇಸು ಬಂತು. ಅದನ್ನು ಅಡುಗೆಮನೆಯಲ್ಲಿ ಜೋಡಿಸಿ ಆಗಿತ್ತು. ಹೊಸದು ಕೊಡುತ್ತೇವೆ, ಹಳೆಯದನ್ನು ಬಿಚ್ಚುವ ಖರ್ಚು, ಹೊಸದನ್ನು ಕೂರಿಸುವ ಖರ್ಚು ನಿಮ್ಮದು ಎಂದರು ಮಾರಿದವರು. ಆ ಖರ್ಚೂ ನಿಮ್ಮದೇ ಎಂದು ನ್ಯಾಯಾಲಯ ಮಾರಿದವರಿಗೆ ಹೇಳಿತು. ಫ್ರಿಡ್ಜನ್ನು ಮೂರನೇ ಮಹಡಿಯಿಂದ ಇಳಿಸುವುದು ಯಾರ ಕೆಲಸ ಎಂದು ಜಗಳ ಆಡಿದವರಿಗೆ ಈ ತೀರ್ಪಿನ ಬೆಲೆ ಗೊತ್ತಾಗುತ್ತದೆ.

ವಾರಂಟಿಯ ಬಗ್ಗೆ ಎರಡು ಮಾತು. ಹಳೆಯ ಮಾರಾಟ ಕಾನೂನಿನಲ್ಲಿ ವಾರಂಟಿ ಎಂಬುದು ಸಣ್ಣ ಭರವಸೆಯ ಹೆಸರು. ದೊಡ್ಡದಕ್ಕೆ ಷರತ್ತು ಎನ್ನುತ್ತಾರೆ. ಷರತ್ತು ಮುರಿದರೆ ವಸ್ತುವನ್ನೇ ತಿರಸ್ಕರಿಸಬಹುದು, ವಾರಂಟಿ ಮುರಿದರೆ ನಷ್ಟ ಮಾತ್ರ ಕೇಳಬಹುದು. ಒಳ್ಳೆಯ ಗುಣಮಟ್ಟದ ವಸ್ತು ಕೊಡಬೇಕು ಎಂಬುದು ಷರತ್ತಿನ ಕಡೆಯದು. ನಾವೋ ಸಣ್ಣದರ ಹೆಸರಿರುವ ಕಾರ್ಡನ್ನು ಜೋಪಾನ ಮಾಡಿ, ಕಾರ್ಡಿಲ್ಲದ ದೊಡ್ಡದನ್ನು ಕೇಳುವುದೇ ಇಲ್ಲ.

ಕಾರ್ಡನ್ನೂ ಓದಿಕೊಳ್ಳಿ. “10 ವರ್ಷ ವಾರಂಟಿ” ಎಂದು ಫ್ರಿಡ್ಜಿನ ಬಾಗಿಲಿಗೆ ದೊಡ್ಡದಾಗಿ ಅಂಟಿಸಿರುತ್ತಾರೆ. ಅದು ಕಂಪ್ರೆಸರ್‌ಗೆ ಮಾತ್ರ. ಮಿಕ್ಕ ಭಾಗಗಳಿಗೆ ಎಷ್ಟೋ ಸಲ 1 ವರ್ಷ. ಕಂಪ್ರೆಸರ್ ಪುಕ್ಕಟೆ ಬಂದರೂ ಗ್ಯಾಸು, ಕೂಲಿ, ಸಾಗಾಟಕ್ಕೆ ಬೇರೆ ಬಿಲ್ ಆಗಬಹುದು. ಎಕ್ಸ್‌ಟೆಂಡೆಡ್ ವಾರಂಟಿ ಎಂದು ಬಿಲ್ ಮಾಡುವಾಗ ತುರುಕುತ್ತಾರಲ್ಲ, ಅದು ಬಹಳ ಸಲ ಕಂಪನಿಯದೂ ಅಲ್ಲ, ಮೂರನೆಯವರದು. ನಾನಂತೂ ಕೊಳ್ಳುವುದಿಲ್ಲ. ಕೊಳ್ಳುವುದಾದರೆ ಯಾವ ದಿನದಿಂದ ಶುರು, ಬಳಸಿ ಸವೆದದ್ದಕ್ಕೆ ದುಡ್ಡು ಕಳೆದು ಕೊಡುತ್ತಾರಾ ಎಂಬ ಎರಡನ್ನಾದರೂ ನೋಡಿ. “ಸ್ಟಿಕ್ಕರ್ ಕಿತ್ತರೆ ವಾರಂಟಿ ಇಲ್ಲ” ಎಂಬ ಬೆದರಿಕೆಗೆ ಅಮೆರಿಕದಲ್ಲಿ 1975ರ ವಾರಂಟಿ ಕಾಯ್ದೆ ಅಡ್ಡ ನಿಲ್ಲುತ್ತದೆ. 2018ರಲ್ಲಿ ಅಲ್ಲಿನ ವ್ಯಾಪಾರ ಆಯೋಗ ಇಂಥ ಸ್ಟಿಕ್ಕರ್ ಅಂಟಿಸುವ ಕಂಪನಿಗಳಿಗೆ ಎಚ್ಚರಿಕೆ ಪತ್ರವನ್ನೂ ಕಳಿಸಿತು.

ಈಗ ನನ್ನ ಮಷೀನಿಗೆ ಬರುತ್ತೇನೆ. ಇಡೀ ವಿಷಯದಲ್ಲಿ ನಾನು ಕಲಿತದ್ದು ಒಂದು ಹಾಳೆಯಿಂದ. ಜಾಬ್ ಶೀಟ್, ಅಂದರೆ ರಿಪೇರಿಗೆ ಬಂದವರು ಏನು ಕಂಡರು, ಏನು ಮಾಡಿದರು ಎಂದು ಬರೆದು ನಮ್ಮ ಸಹಿ ಹಾಕಿಸಿಕೊಳ್ಳುವ ವರದಿ. ಬಂದ ಹುಡುಗ ಒಳ್ಳೆಯವನೇ. ಬಾಗಿಲಿನ ಲಾಕ್ ಬಿಚ್ಚಿದ, ಏನೋ ಒತ್ತಿದ, ಮಷೀನು ತಿರುಗಿತು. “ಇಲ್ಲೊಂದು ಸೈನ್ ಹಾಕಿ” ಎಂದು ಮೊಬೈಲ್ ಚಾಚಿದ. ಓದಿದೆ. “ದೋಷ ಕಂಡುಬಂದಿಲ್ಲ. ಗ್ರಾಹಕರಿಗೆ ಬಳಸುವ ವಿಧಾನ ತಿಳಿಸಲಾಗಿದೆ.” ಅಂದರೆ ನನಗೆ ಬಟ್ಟೆ ಹಾಕಲು ಬರುವುದಿಲ್ಲ ಎಂದು ನಾನೇ ಸಹಿ ಹಾಕಿಕೊಡಬೇಕಿತ್ತು! ನಾಳೆ ಇದೇ ಹಾಳೆ ಆಯೋಗದ ಮುಂದೆ ಬಂದರೆ ನನ್ನ ಕಥೆ ಅಲ್ಲಿಗೆ ಮುಗಿಯಿತು. ಡಿಸ್‌ಪ್ಲೇಯಲ್ಲಿ ಬಂದಿದ್ದ ಎರರ್ ಕೋಡಿನ ಫೋಟೋ ತೋರಿಸಿದೆ. ಅವನು ನಕ್ಕು, ಮೇಲಿನ ಸಾಲು ಅಳಿಸಿ, “ಡೋರ್ ಲಾಕ್ ದೋಷ, ಭಾಗ ಬದಲಿಸಬೇಕು” ಎಂದು ಬರೆದ. ಓಟಿಪಿ ಕೊಟ್ಟರೆ ದೂರು ಮುಗಿದಂತೆ ದಾಖಲಾಗುತ್ತದೆ, ಹಾಗಾಗಿ ಭಾಗ ಬರುವವರೆಗೆ ಅದನ್ನೂ ಕೊಡಲಿಲ್ಲ.

ಭಾಗ ಬಂತು, ಹಾಕಿದರು. ಆರನೇ ದಿನ ಮತ್ತೆ ಅದೇ ಕೋಡ್. ಈ ಸಲ ಅವನೇ “ಸರ್ಕ್ಯೂಟ್ ಬೋರ್ಡೇ ಹೋಗಿದೆ ಸಾರ್” ಎಂದ. ಬರೆಸಿಕೊಂಡೆ. ಅಷ್ಟರಲ್ಲಿ 30 ದಿನದ ವಿಷಯ ಓದಿ ತಿಳಿದುಕೊಂಡಿದ್ದೆ, ಅವಧಿ ಇನ್ನೂ ದಾಟಿರಲಿಲ್ಲ. ಅಂಗಡಿಗೆ ಇಮೇಲ್ ಬರೆದೆ, ಕಂಪನಿಗೂ ಒಂದು ಪ್ರತಿ ಹಾಕಿದೆ. ಬೈಗುಳ ಇಲ್ಲ, ಗೋಳು ಇಲ್ಲ. ಇಂಥ ದಿನ ಕೊಂಡೆ, ಇಂಥ ದಿನ ಕೆಟ್ಟಿತು, ಎರಡು ಸಲ ರಿಪೇರಿಗೆ ಬಂದರು, ಜಾಬ್ ಶೀಟ್ ಲಗತ್ತಿಸಿದೆ. ಬದಲಿ ಕೊಡಿ ಇಲ್ಲವೇ ದುಡ್ಡು ಕೊಡಿ, ಇಂಥ ದಿನದೊಳಗೆ. ಅಷ್ಟೇ. ಇದಕ್ಕೂ ಉತ್ತರ ಬರದಿದ್ದರೆ ಮುಂದಿನ ದಾರಿ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕೊಂಡ ಊರಿಗೇ ಹೋಗಬೇಕಿಲ್ಲ, ನೀವಿರುವ ಊರಲ್ಲೇ ದೂರು ಹಾಕಬಹುದು. ವಕೀಲರು ಬೇಕೇಬೇಕು ಎಂದಿಲ್ಲ, ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವೂ ಇಲ್ಲ. 2 ವರ್ಷದೊಳಗೆ ಹಾಕಬೇಕು. ವ್ಯಾಪಾರಕ್ಕೆಂದು ಕೊಂಡ ಯಂತ್ರವಾದರೆ ಸಾಮಾನ್ಯವಾಗಿ ಈ ಬಾಗಿಲು ತೆರೆಯುವುದಿಲ್ಲ. ಸ್ವಂತ ದುಡಿಮೆಯ ಹೊಟ್ಟೆಪಾಡಿಗೆ ಕೊಂಡಿದ್ದರೆ ಮಾತ್ರ ತೆರೆಯುತ್ತದೆ.

ನನಗೆ ಅಷ್ಟು ದೂರ ಹೋಗುವ ಪ್ರಮೇಯ ಬರಲಿಲ್ಲ. ನಾಲ್ಕನೇ ದಿನ ಅಂಗಡಿಯಿಂದ ಫೋನ್ ಬಂತು. ಅದೇ ದನಿ. “ಮೇಲ್ ಯಾಕೆ ಹಾಕಿದ್ರಿ ಸಾರ್, ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ” ಎಂದಿತು. ಮಾರನೇ ವಾರ ಹೊಸ ಮಷೀನು ಬಂತು, ಹಳೆಯದನ್ನು ಅವರೇ ಹೊತ್ತುಕೊಂಡು ಹೋದರು. ಕೂರಿಸಿದ ಹುಡುಗರು ಹಿಂದುಗಡೆಯ ನಾಲ್ಕು ಬೋಲ್ಟ್ ಬಿಚ್ಚುವವರೆಗೆ ನಾನು ಪಕ್ಕದಿಂದ ಕದಲಲಿಲ್ಲ. ಅವನ್ನು ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ ಕೈಗೆ ಕೊಟ್ಟರು. ಈಗಲೂ ಡ್ರಾಯರಿನಲ್ಲಿ ಆ ಜಾಬ್ ಶೀಟಿನ ಪ್ರಿಂಟಿನ ಜೊತೆಗೇ ಇವೆ.